ಮರಳು ಹೆಚ್ಚಿಸಿದರೆ ಹರಿವು ಹೆಚ್ಚದು

ಪ್ರಶ್ನೆ: ನಮ್ಮ ತಾರಸಿ ಸಾವಿರ ಚದರಡಿ. ಮಳೆನೀರು ಸೋಸಲು ಎರಡಡಿ ವ್ಯಾಸದ ಡ್ರಮ್ಮಿನಲ್ಲಿ ಒಂದಡಿ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಹಾಕಿಸಿದ್ದೇವೆ. ಮಳೆ ಜೋರಾದರೆ ಮರಳಿನ ಮೇಲೆ ಅರ್ಧ ಅಡಿ ನೀರು ನಿಂತು ಹೊರಚೆಲ್ಲುತ್ತದೆ, ಸಂಪಿಗೆ ಸ್ವಲ್ಪವೇ ಇಳಿಯುತ್ತದೆ. ಇನ್ನೊಂದಡಿ ಮರಳು ಹಾಕಿ ಅನ್ನುತ್ತಾರೆ ಪ್ಲಂಬರ್. ಹಾಕಿಸಲೇ?
– ಓದುಗರೊಬ್ಬರು, ಬನಶಂಕರಿ

ಉತ್ತರ: ದಯವಿಟ್ಟು ಹಾಕಿಸಬೇಡಿ. ಹರಿವು ಇನ್ನೂ ಕುಗ್ಗುತ್ತದೆ.

ನೀರಿನಿಂದ ತುಂಬಿದ ಮರಳಿನೊಳಗಿನ ಹರಿವನ್ನು ಇಂದಿಗೂ ಲೆಕ್ಕ ಹಾಕುವುದು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮದಿಂದ. ಮರಳು ತುಂಬಿದ ಕೊಳವೆಗಳಲ್ಲಿ ನೀರು ಹರಿಸಿ, ಅಳೆದು ಕಂಡುಕೊಂಡದ್ದು ಅದು. ಮೂರು ಸಂಗತಿಗಳನ್ನು ಗುಣಿಸಬೇಕು: ಮರಳು ನೀರು ಬಿಡುವ ಗುಣ, ಡ್ರಮ್ಮಿನ ಅಡ್ಡಕೊಯ್ತದ ವಿಸ್ತೀರ್ಣ, ಮತ್ತು ನೀರಿನ ಮಟ್ಟದ ವ್ಯತ್ಯಾಸವನ್ನು ಮರಳಿನ ದಪ್ಪದಿಂದ ಭಾಗಿಸಿ ಬಂದ ಸಂಖ್ಯೆ.

ಡ್ರಮ್ಮಿನ ತಳದಿಂದ ನೀರು ಸರಾಗವಾಗಿ ಹೊರಬೀಳುತ್ತದೆ ಎಂದುಕೊಳ್ಳೋಣ. ನಿಮ್ಮಲ್ಲಿ ಮರಳು 30 ಸೆಂ.ಮೀ., ಮೇಲಿನ ನೀರು 15. ನಿಂತ ನೀರಿನ ಮೇಲ್ಮೈಯಿಂದ ಮರಳಿನ ತಳದವರೆಗೆ ಮಟ್ಟದ ವ್ಯತ್ಯಾಸ 45, ಮರಳಿನ ದಪ್ಪ 30ರಿಂದ ಭಾಗಿಸಿದರೆ 1.5. ತೊಳೆದ ಮರಳು ನೀರು ಬಿಡುವ ಗುಣವನ್ನು ಸೆಕೆಂಡಿಗೆ 1 ಮಿ.ಮೀ. ಎಂದಿಟ್ಟರೆ ನಿಮಿಷಕ್ಕೆ ಸುಮಾರು 25 ಲೀಟರ್ ಇಳಿಯುತ್ತದೆ. ಗಂಟೆಗೆ 60 ಮಿ.ಮೀ. ವೇಗದ ಮಳೆಯಲ್ಲಿ ನಿಮ್ಮ ತಾರಸಿಯಿಂದ ಬರುವುದು ನಿಮಿಷಕ್ಕೆ 93 ಲೀಟರ್! ಚೆಲ್ಲದೆ ಇನ್ನೇನಾದೀತು? ಮರಳನ್ನು 60 ಸೆಂ.ಮೀ. ಮಾಡಿದರೆ 1.5 ಇದ್ದದ್ದು 1.25 ಆಗಿ, 21 ಲೀಟರಿಗೆ ಇಳಿಯುತ್ತದೆ.

ಬೆಳೆಸಬೇಕಾದದ್ದು ವಿಸ್ತೀರ್ಣ. ಮೂರೂವರೆ ಅಡಿ ಉದ್ದಗಲದ ತೊಟ್ಟಿಯಲ್ಲಿ ಇದೇ ಒಂದಡಿ ಮರಳು ನಿಮಿಷಕ್ಕೆ 100 ಲೀಟರ್ ಬಿಡುತ್ತದೆ.

ಅದಕ್ಕೂ ಮೊದಲು ಮರಳನ್ನೇ ನೋಡಿ. ನೀರು ಬಿಡುವ ಗುಣ ತೀರ್ಮಾನವಾಗುವುದು ಅತಿ ಸಣ್ಣ ಕಣಗಳಿಂದ. ಅವುಗಳ ಗಾತ್ರ ಅರ್ಧವಾದರೆ ಹರಿವು ಸುಮಾರು ಕಾಲುಭಾಗಕ್ಕೆ ಬೀಳುತ್ತದೆ. ಎಂ-ಸ್ಯಾಂಡಿನಲ್ಲಿ ಕಲ್ಲಿನ ಪುಡಿ ಧಾರಾಳವಾಗಿರುತ್ತದೆ, ಪ್ಲಾಸ್ಟರಿಂಗ್‌ಗೆ ತರುವುದರಲ್ಲಂತೂ ಕಣವೇ ಸಣ್ಣದು. ಜರಡಿ ಹಿಡಿದು, ನೀರು ತಿಳಿಯಾಗುವವರೆಗೂ ತೊಳೆಸಿ.

ಮನೆಯಲ್ಲೇ ಪರೀಕ್ಷಿಸಬಹುದು. ನಾಲ್ಕಿಂಚಿನ ಪಿವಿಸಿ ಪೈಪಿನ ತಳಕ್ಕೆ ಜಾಲರಿ ಕಟ್ಟಿ ಒಂದಡಿ ಮರಳು ತುಂಬಿ, ಪೈಪನ್ನು ಬಕೆಟ್ಟಿನ ನೀರಿನಲ್ಲಿ ಮೆಲ್ಲಗೆ ಇಳಿಸಿ. ನೀರು ಕೆಳಗಿನಿಂದ ಏರಿದರೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ; ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ. ಆಮೇಲೆ ಮೇಲೆತ್ತಿ, ಮರಳಿನ ಮೇಲೆ ಅರ್ಧ ಅಡಿ ನೀರು ಸದಾ ನಿಲ್ಲುವಂತೆ ಸುರಿಯುತ್ತಾ ತಳದ ನೀರು ಹಿಡಿಯಿರಿ. ನಿಮಿಷಕ್ಕೆ 700 ಮಿ.ಲೀ. ಬಂದರೆ ಮರಳು ಸರಿಯಿದೆ. 200 ಕೂಡ ಬರದಿದ್ದರೆ ಆ ಮರಳನ್ನು ಬದಲಿಸಿ, ತೊಟ್ಟಿಯ ಖರ್ಚು ಆಮೇಲೆ ನೋಡೋಣ.