ವ್ಯಾಖ್ಯೆ ಇಲ್ಲದ 1373ನೇ ನಿರ್ಣಯ: ರದ್ದು ಮಾಡಿದರೆ ಸಾಕೇ?

ಪ್ರಶ್ನೆ: ಭಯೋತ್ಪಾದನೆ ತಡೆಯಲು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2001ರಲ್ಲಿ ಅಂಗೀಕರಿಸಿದ 1373ನೇ ನಿರ್ಣಯದಲ್ಲಿ ಭಯೋತ್ಪಾದನೆ ಎಂದರೇನು ಎಂದೇ ಹೇಳಿಲ್ಲವಂತೆ. ಅದನ್ನು ರದ್ದು ಮಾಡಲು ಬರುವುದಿಲ್ಲವೇ? ರದ್ದಾದರೆ, ಅದನ್ನು ನಂಬಿ ದೇಶಗಳು ಮಾಡಿಕೊಂಡ ಕಾನೂನುಗಳ ಗತಿಯೇನು?

ಉತ್ತರ: ನೀವು ಕೇಳಿದ್ದು ನಿಜ. ಅಮೆರಿಕದ ಮೇಲಿನ ದಾಳಿ ನಡೆದು ಮೂರು ವಾರ ಕಳೆಯುವ ಮೊದಲೇ, ಸೆಪ್ಟೆಂಬರ್ 28ರಂದು, ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ವಿಶ್ವಸಂಸ್ಥೆ ಸನ್ನದಿನ ಏಳನೇ ಅಧ್ಯಾಯದಡಿ ಬಂದದ್ದರಿಂದ ಎಲ್ಲ ಸದಸ್ಯ ರಾಷ್ಟ್ರಗಳೂ ಅದನ್ನು ಪಾಲಿಸಲೇಬೇಕು. ಭಯೋತ್ಪಾದಕ ಕೃತ್ಯಗಳನ್ನು ನಿಮ್ಮ ಕಾನೂನಿನಲ್ಲಿ ಗಂಭೀರ ಅಪರಾಧವಾಗಿಸಿ ಎಂದು ಅದರ ಎರಡನೇ ಕಂಡಿಕೆ ಹೇಳುತ್ತದೆ. ಆ ಕೃತ್ಯ ಯಾವುದು ಎಂಬುದು ಮಾತ್ರ ಎಲ್ಲೂ ಇಲ್ಲ. ಆಜ್ಞೆ ಮಂಡಳಿಯದು, ಅರ್ಥ ಆಯಾ ಸರ್ಕಾರದ್ದು ಎಂಬಂತಾಯಿತು. ಪ್ರತಿಭಟನೆಯನ್ನೂ ಪತ್ರಿಕಾ ವರದಿಯನ್ನೂ ಭಯೋತ್ಪಾದನೆಯ ಲೆಕ್ಕಕ್ಕೆ ಸೇರಿಸಲು ಸರ್ಕಾರಗಳಿಗೆ ದಾರಿ ಸಿಕ್ಕಿದ್ದು ಹೀಗೆ. ಇದನ್ನು ಸಣ್ಣ ಲೋಪವೆಂದು ನಾನು ಒಪ್ಪಲಾರೆ.

ವ್ಯಾಖ್ಯೆ ಬರೆಯುವುದೇನೂ ಅಸಾಧ್ಯವಲ್ಲ. 2004ರಲ್ಲಿ ಇದೇ ಮಂಡಳಿ 1566ನೇ ನಿರ್ಣಯದಲ್ಲಿ ಮೂರು ಷರತ್ತು ಇಟ್ಟಿತು. ಕೊಲ್ಲುವ, ತೀವ್ರವಾಗಿ ಗಾಯಗೊಳಿಸುವ ಇಲ್ಲವೇ ಒತ್ತೆಯಾಳಾಗಿ ಹಿಡಿಯುವ ಉದ್ದೇಶವಿರಬೇಕು; ಜನರಲ್ಲಿ ಭೀತಿ ಹುಟ್ಟಿಸುವ ಅಥವಾ ಸರ್ಕಾರವನ್ನು ಮಣಿಸುವ ಗುರಿಯಿರಬೇಕು; ಭಯೋತ್ಪಾದನೆ ಕುರಿತ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಆ ಕೃತ್ಯ ಅಪರಾಧವೆನಿಸಿರಬೇಕು. ಮೂರೂ ಒಟ್ಟಿಗೆ ಕೂಡಿಬರಬೇಕು. ಬೇಡಿಕೆ ಈಡೇರಿಸಿ ಎಂದು ಸರ್ಕಾರಿ ಕಚೇರಿಗೆ ನುಗ್ಗಿ ಗಾಜು ಒಡೆದವರನ್ನು ತೆಗೆದುಕೊಳ್ಳಿ. ಸರ್ಕಾರವನ್ನು ಮಣಿಸುವ ಗುರಿ ಅವರಿಗಿತ್ತು, ಸರಿ. ಆದರೆ ಕೊಲ್ಲುವ ಉದ್ದೇಶ ಇರಲಿಲ್ಲ. ಆಸ್ತಿಹಾನಿಗೆ ಅವರಿಗೆ ಶಿಕ್ಷೆಯಾಗಲಿ. ಭಯೋತ್ಪಾದಕರೆಂಬ ಹಣೆಪಟ್ಟಿ ಸಲ್ಲದು. ಬೇಸರದ ಸಂಗತಿಯೆಂದರೆ, 1373ರಡಿ ಬರೆದ ಕಾನೂನುಗಳನ್ನು ಈ ಅಳತೆಗೆ ತಿದ್ದಿಕೊಳ್ಳಿ ಎಂದು ಮಂಡಳಿ ಕಟ್ಟುನಿಟ್ಟಾಗಿ ಹೇಳಲಿಲ್ಲ.

ಇನ್ನು ರದ್ದತಿ. 1373ಕ್ಕೆ ಅವಧಿಯ ಮಿತಿಯಿಲ್ಲ. ಅದನ್ನು ತೆಗೆಯಲು ಮಂಡಳಿಯೇ ಇನ್ನೊಂದು ನಿರ್ಣಯ ತರಬೇಕು: 15ರಲ್ಲಿ 9 ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಒಬ್ಬರೂ ವಿಟೊ ಹಾಕಬಾರದು. ಸಾಮಾನ್ಯ ಸಭೆಗೆ ಈ ಅಧಿಕಾರವಿಲ್ಲ.

ರದ್ದಾಯಿತು ಎಂದೇ ಇಟ್ಟುಕೊಳ್ಳಿ. ದೇಶಗಳ ಕಾನೂನುಗಳು ತಾವಾಗಿ ಬಿದ್ದುಹೋಗುವುದಿಲ್ಲ. ಅವು ಆಯಾ ಸಂಸತ್ತಿನ ಶಾಸನಗಳು. ಮೇಲಿನ ನಿರ್ಣಯ ಹೋದರೂ ಕೆಳಗಿನ ಸಡಿಲ ವ್ಯಾಖ್ಯೆ ಹಾಗೇ ಉಳಿಯುತ್ತದೆ. ಆದ್ದರಿಂದ ಬರೀ ರದ್ದತಿಗೆ ನನ್ನ ಸಹಮತವಿಲ್ಲ. ಭಯೋತ್ಪಾದನೆ ತಡೆಯುವಾಗ ಮಾನವ ಹಕ್ಕುಗಳ ರಕ್ಷಣೆ ಕುರಿತು ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ ಮಾರ್ಟಿನ್ ಶೈನಿನ್ 2010ರಲ್ಲಿ ಸೂಚಿಸಿದ್ದು, 1373 ಸೇರಿದಂತೆ ಹಳೆಯ ನಿರ್ಣಯಗಳನ್ನು ತೆಗೆದು ಒಂದೇ ಹೊಸ ನಿರ್ಣಯ ತರಬೇಕೆಂದು. ಸರಿಯಾದ ದಾರಿ ಅದೇ. ಭಯೋತ್ಪಾದನೆ ಕುರಿತು ಭಾರತ 1996ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟ ಸಮಗ್ರ ಅಂತರರಾಷ್ಟ್ರೀಯ ಒಪ್ಪಂದದ ಕರಡು ವ್ಯಾಖ್ಯೆಯ ಜಗಳದಲ್ಲೇ ಸಿಕ್ಕಿಬಿದ್ದಿರುವುದರಿಂದ ಅದನ್ನು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಮಂಡಳಿಯನ್ನೂ ಕಾಯಬೇಕಿಲ್ಲ. 1566ರ ಮೂರು ಷರತ್ತುಗಳನ್ನು ಯಾವ ಸಂಸತ್ತು ಬೇಕಾದರೂ ತನ್ನ ಕಾನೂನಿಗೆ ಇಂದೇ ಸೇರಿಸಿಕೊಳ್ಳಬಹುದು. 1373 ಅದಕ್ಕೆ ಅಡ್ಡಿಯಾಗದು. ಅರ್ಥವನ್ನು ದೇಶಗಳಿಗೇ ಬಿಟ್ಟ ಮೇಲೆ, ಅದನ್ನು ಬಿಗಿಯಾಗಿ ಬರೆದುಕೊಳ್ಳುವ ಹಕ್ಕೂ ಅವಕ್ಕಿದೆ.