ವ್ಯಾನ್ ಗೋ ಮುಖಗಳಲ್ಲಿ ಹಸಿರು ಬಣ್ಣ ಯಾಕೆ?

ಡಚ್ ಚಿತ್ರಕಾರ ವ್ಯಾನ್ ಗೋ ಬಿಡಿಸಿದ ಮುಖಗಳಲ್ಲಿ ಹಸಿರು, ನೀಲಿ ಗೀರುಗಳಿದ್ದರೂ ಅವು ಅಷ್ಟು ಜೀವಂತವಾಗಿ ಕಾಣುವುದು ಹೇಗೆ ಅಂತ ಕೇಳಿದ್ದೀರಲ್ಲ, ನನಗೂ ತುಂಬಾ ಇಷ್ಟದ ವಿಷಯ ಇದು. 1889ರಲ್ಲಿ ಅವನು ತನ್ನದೇ ಮುಖ ಬರೆದ ಚಿತ್ರ ನೋಡಿ, ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿರುವುದು. ಗಡ್ಡ ಕೆಂಪು-ಕಿತ್ತಳೆ, ಹಿಂದೆಲ್ಲ ಸುಳಿಸುಳಿಯಾದ ತಿಳಿ ನೀಲಿ-ಹಸಿರು. ಬಣ್ಣದ ಚಕ್ರದಲ್ಲಿ ಎದುರುಬದುರಾಗಿ ಬರುವ ಇಂಥ ಬಣ್ಣಗಳನ್ನು ಪಕ್ಕಪಕ್ಕ ಇಟ್ಟರೆ ಎರಡೂ ಜಾಸ್ತಿ ಹೊಳೆಯುತ್ತವೆ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕುಂಚದ ಗೀರುಗಳೂ ಸುಮ್ನೆ ಎಳೆದದ್ದಲ್ಲ. ಕೆನ್ನೆ, ಮೂಗಿನ ಉಬ್ಬುತಗ್ಗಿನ ಜೊತೆಗೇ ಹರಿಯುತ್ತವೆ, ಹಾಗಾಗಿ ನಮ್ಮ ಕಣ್ಣು ಆ ಮುಖವನ್ನು ಸವರಿದಂತೆ ಓಡಾಡುತ್ತದೆ. ದಕ್ಷಿಣ ಫ್ರಾನ್ಸ್‌ನ ಆರ್ಲ್ ಊರಿನಲ್ಲಿ ಬರೆದ, ಅಂಚೆ ನೌಕರ ಜೋಸೆಫ್ ರೂಲ್ಯಾನ್ ಚಿತ್ರಗಳನ್ನೂ ಬಿಡಬೇಡಿ. ಆ ದಟ್ಟ ಗಡ್ಡ, ನೀಲಿ ಸಮವಸ್ತ್ರ... ಗೆಳೆಯನನ್ನು ಎಷ್ಟು ಪ್ರೀತಿಯಿಂದ ನೋಡಿದ್ದಾನೆ, ಅಲ್ವಾ! ಮೊಬೈಲ್‌ನಲ್ಲೇ ನೋಡುವುದಾದರೆ ಕಣ್ಣಿನ ಸುತ್ತಲ ಭಾಗ ಜೂಮ್ ಮಾಡಿ, ಹಸಿರು ಎಲ್ಲಿ ಕೂತಿದೆ ಅಂತ ಗೊತ್ತಾಗುತ್ತದೆ.