ಮುಖ ನೋಡಿ ಗಾಡಿ ನಿಲ್ಲಿಸುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ನಾಲ್ಕು ಸಾಲು ಬರೆದಿದ್ದೆ. ಪೊಲೀಸರು ಚರ್ಮದ ಬಣ್ಣ ನೋಡಿ ಜನರನ್ನು ಅಡ್ಡಹಾಕುವುದನ್ನು ತಡೆಯಲು ಅಮೆರಿಕದ ಕೆಲವು ಊರುಗಳು ತಾವೇ ಕಾನೂನು ಮಾಡಿಕೊಂಡಿವೆ ಅಂತ. ಅಷ್ಟಕ್ಕೇ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಎರಡು ಬರೀ ಬೈಗುಳದ್ದು, ಅವನ್ನು ಬದಿಗಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಫಿಲಡೆಲ್ಫಿಯಾದಲ್ಲಿ ಓದುತ್ತಿದ್ದಾನೆ. ಗೆಳೆಯನ ಹಳೆ ಕಾರು ಓಡಿಸುತ್ತಾನೆ. ಅದರ ಒಂದು ಬ್ರೇಕ್ ಲೈಟ್ ಎರಡು ವಾರದಿಂದ ಉರಿಯುತ್ತಿರಲಿಲ್ಲವಂತೆ. ಪೊಲೀಸ್ ಗಾಡಿ ಬೆನ್ನ ಹಿಂದೆಯೇ ಬಂದರೂ ನಿಲ್ಲಿಸಲಿಲ್ಲ, ಇಲ್ಲಿ ಹಾಗೇ ಕಾನೂನು ಉಂಟು ಅನ್ನುತ್ತಾನೆ. ನಮ್ಮ ಕರಾವಳಿ ಜಂಕ್ಷನ್‌ನಲ್ಲಾದರೆ ಬಿಡುತ್ತಿದ್ದರಾ? ಇದೆಂಥ ಕಾನೂನು ಮಾರಾಯ್ರೆ?
ಒಬ್ಬ ಅಪ್ಪ, ಮಲ್ಪೆ

ಉತ್ತರ: ಮಗ ಹೇಳಿದ್ದು ನಿಜ. ಆದರೂ ಬಲ್ಬ್ ಹಾಕಿಸಿಕೊಳ್ಳಲಿ.

ಫಿಲಡೆಲ್ಫಿಯಾದ ನಗರ ಕೌನ್ಸಿಲ್, ಅಂದರೆ ನಮ್ಮ ಪಾಲಿಕೆಯ ಹಾಗೆ ಅಂತಿಟ್ಟುಕೊಳ್ಳಿ, 2021ರಲ್ಲಿ ಒಂದು ಕಾನೂನು ಪಾಸು ಮಾಡಿತು. 2022ರ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಎಂಟು ಸಣ್ಣ ತಪ್ಪುಗಳ ಪಟ್ಟಿ ಮಾಡಿ, ಬರೀ ಇವಕ್ಕಾಗಿ ಗಾಡಿ ಅಡ್ಡಹಾಕಬೇಡಿ ಅಂತ ಪೊಲೀಸರಿಗೆ ಹೇಳಿತು. ಒಂದು ಬ್ರೇಕ್ ಲೈಟ್ ಕೆಟ್ಟಿರುವುದು, ಬಂಪರ್‌ಗೆ ಸಣ್ಣ ಪೆಟ್ಟು, ನಂಬರ್ ಪ್ಲೇಟ್ ಸಡಿಲ ಇರುವುದು, ಎಮಿಷನ್ ಸ್ಟಿಕ್ಕರ್ ಇಲ್ಲದಿರುವುದು, ಇಂಥವು. ಅದರಲ್ಲಿ ನನಗೆ ನಗು ಬಂದದ್ದು ಇನ್ನೊಂದಕ್ಕೆ: ಒಳಗಿನ ಕನ್ನಡಿಗೆ ಏನಾದರೂ ನೇತುಹಾಕಿರುವುದು. ನಮ್ಮಲ್ಲಿ ಅದಕ್ಕೆ ಗಾಡಿ ಹಿಡಿಯುತ್ತಾ ಕೂತರೆ ಮಲ್ಲಿಗೆ ಮಾಲೆ, ಜಪಸರ, ತಸ್ಬೀಹ್ ಎಲ್ಲ ಸೇರಿ ಒಂದು ಬಸ್ಸೂ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಬಿಟ್ಟು ಹೊರಡುವುದಿಲ್ಲ. ಅಲ್ಲೂ ಈ ತಪ್ಪುಗಳು ಮಾಫಿ ಆಗಿಲ್ಲ. ದಂಡದ ನೋಟಿಸು ಬರಬಹುದು, ನಡುರಸ್ತೆಯಲ್ಲಿ ನಿಲ್ಲಿಸುವ ಹಾಗಿಲ್ಲ ಅಷ್ಟೇ.

ಯಾಕೆ ಅಂದರೆ, ಯಾರ ಗಾಡಿಯ ಹಿಂದೆ ಹತ್ತು ನಿಮಿಷ ಹೋದರೂ ಒಂದಲ್ಲ ಒಂದು ಸಣ್ಣ ತಪ್ಪು ಸಿಕ್ಕೇ ಸಿಗುತ್ತದೆ. ಎಲ್ಲರನ್ನೂ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಯಾರನ್ನು ನಿಲ್ಲಿಸುವುದು ಅನ್ನುವುದು ಪೊಲೀಸರ ಕಣ್ಣಿಗೆ ಬಿಟ್ಟದ್ದು, ಅಲ್ಲಿ ಆ ಕಣ್ಣು ಕರಿಯರ ಮೇಲೆ ಜಾಸ್ತಿ ಬೀಳುತ್ತಿತ್ತು. ಬಲ್ಬ್ ಒಂದು ನೆಪ, ಬೇಕಾದದ್ದು ಡಿಕ್ಕಿ ತೆಗೆಸುವುದು. ಇದಕ್ಕೇ ಅವರು ರೇಶಿಯಲ್ ಪ್ರೊಫೈಲಿಂಗ್ ಅನ್ನುತ್ತಾರೆ. ಮುಖ ನೋಡಿ ಮಣೆ ಹಾಕುವುದು ನಮಗೆ ಗೊತ್ತು, ಇದು ಮುಖ ನೋಡಿ ಮಣೆ ಎಳೆಯುವುದು. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ, ಸಂಚಾರ ನಿಯಮ ಮುರಿದದ್ದು ನಿಜವಾದರೆ ಸಾಕು, ನಿಲ್ಲಿಸಿದವನ ಮನಸ್ಸಿನಲ್ಲಿ ಬೇರೇನಿತ್ತು ಅಂತ ನೋಡುವುದಿಲ್ಲ ಅಂದುಬಿಟ್ಟಿತ್ತು. ಕೋರ್ಟಿನ ಬಾಗಿಲು ಹಾಗೆ ಮುಚ್ಚಿದ್ದರಿಂದ ಊರಿನವರು ಬೇರೆ ದಾರಿ ಹಿಡಿದರು. ನೆಪವನ್ನೇ ಕೈಯಿಂದ ಕಸಿದುಕೊಂಡರು.

ನಮ್ಮ ಕಡೆ ಬಿಡುತ್ತಿದ್ದರಾ ಅಂತ ಕೇಳಿದಿರಲ್ಲ, ನನ್ನನ್ನು ಬಿಟ್ಟಿದ್ದಾರೆ. ಹೋದ ಮಳೆಗಾಲ, ರಾತ್ರಿ ಹತ್ತೂವರೆ, ಹೆದ್ದಾರಿಯಲ್ಲಿ ಒಂದು ಕಡೆ ಬ್ಯಾರಿಕೇಡ್. ನನ್ನ ಕಾರಿನ ಎಡಗಡೆ ಬ್ರೇಕ್ ಲೈಟ್ ಸತ್ತು ತಿಂಗಳಾಗಿತ್ತು, ಎಮಿಷನ್ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ಟಾರ್ಚ್ ಮುಖಕ್ಕೆ ಬಿತ್ತು. ನರೆತ ತಲೆ, ಬಿಳಿ ಅಂಗಿ, ಕನ್ನಡಕ. "ಹೋಗಿ ಸಾರ್" ಅಂದರು. ನನ್ನ ಮುಂದೆ ಸ್ಕೂಟರಿನಲ್ಲಿ ಬಂದ ಹುಡುಗರಿಬ್ಬರು, ಇಬ್ಬರಿಗೂ ಹೆಲ್ಮೆಟ್ ಇತ್ತು, ಆದರೂ ಬದಿಗೆ ನಿಂತು ನೆನೆಯುತ್ತಿದ್ದರು. ಸೀಟು ಎತ್ತಿಸಿದ್ದರು. ಒಳಗೆ ಒಂದು ರೈನ್‌ಕೋಟು, ಒಂದು ಬುತ್ತಿ ಡಬ್ಬಿ. ಡಬ್ಬಿಯ ಮುಚ್ಚಳವನ್ನೂ ತೆಗೆಸಿದರು. ಆ ಹೊತ್ತಿಗೆ ನನಗಾದದ್ದು ಸಮಾಧಾನ, ದಂಡ ಉಳಿಯಿತಲ್ಲ ಅಂತ. ನಾಚಿಕೆ ಮನೆ ಮುಟ್ಟಿದ ಮೇಲೆ ಆಯಿತು.

ಪ್ರಶ್ನೆ: ನಮ್ಮ ಅಣ್ಣ ಇಲಾಖೆಯಲ್ಲಿ ಇದ್ದವರು. ಮೂವತ್ತು ವರ್ಷ ಸರ್ವಿಸ್ ಆದವರಿಗೆ ಯಾರು ಎಂಥವನು ಅಂತ ನಡೆಯುವ ಧಾಟಿಯಲ್ಲೇ ಗೊತ್ತಾಗುತ್ತದೆ. ಅನುಮಾನ ಪಡಬೇಡಿ ಅಂತ ಕೈ ಕಟ್ಟಿಹಾಕಿದರೆ ಕಳ್ಳ ಸಿಗುವುದು ಹೇಗೆ? ಎಸಿ ರೂಮಲ್ಲಿ ಕೂತು ಬರೆಯುವುದು ಸುಲಭ.
ಉಡುಪಿಯ ಓದುಗರು

ಉತ್ತರ: ಎಸಿ ಇಲ್ಲ, ಫ್ಯಾನ್ ಉಂಟು, ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಪ್ರಶ್ನೆ ಮಾತ್ರ ಒಳ್ಳೆಯದು.

ಅನುಭವದ ಕಣ್ಣು ಅನ್ನುವುದು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಕಣ್ಣು ಎಷ್ಟು ಸಲ ಸರಿ ಬಂತು, ಎಷ್ಟು ಸಲ ತಪ್ಪಿತು ಅಂತ ಎಣಿಸಿದವರಿದ್ದಾರೆ. ನ್ಯೂಯಾರ್ಕ್‌ನಲ್ಲಿ ಪೊಲೀಸರು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿದರೆ ಒಂದು ಫಾರಂ ತುಂಬಬೇಕಿತ್ತು. ಹಾಗಾಗಿ ಲೆಕ್ಕ ಸಿಕ್ಕಿತು. 2004ರಿಂದ 2012ರ ನಡುವೆ ಸುಮಾರು 44 ಲಕ್ಷ ಸಲ ನಿಲ್ಲಿಸಿದ್ದಾರೆ. 2011 ಒಂದೇ ವರ್ಷದಲ್ಲಿ 6.85 ಲಕ್ಷ. ನಿಂತವರಲ್ಲಿ ಶೇ. 80ಕ್ಕಿಂತ ಜಾಸ್ತಿ ಕರಿಯರು ಮತ್ತು ಲ್ಯಾಟಿನೊ ಜನ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. ನೂರರಲ್ಲಿ 88 ಸಲ ಕೇಸೂ ಇಲ್ಲ, ದಂಡವೂ ಇಲ್ಲ, ಹೋಗು ಅಂತ ಬಿಟ್ಟದ್ದು. ಮೈ ತಡವಿ ನೋಡಿದವರಲ್ಲಿ ಆಯುಧ ಸಿಕ್ಕಿದ್ದು ಶೇ. 1.5 ಮಂದಿಯ ಹತ್ತಿರ. ಮೀನಿನ ಬೋಟು ನಡೆಸುವ ಮೂವತ್ತು ವರ್ಷದ ತಾಂಡೇಲರು ಹೀಗೆ ಬರಿಬಲೆ ಎಳೆಯುತ್ತಾ ಹೋದರೆ ದಕ್ಕೆಯಲ್ಲಿ ಅವರಿಗೆ ಯಾರು ಬೋಟು ಕೊಡುತ್ತಾರೆ ಹೇಳಿ.

ಆ ಫಾರಂನಲ್ಲಿ ಕಾರಣಕ್ಕೆ ಟಿಕ್ ಹಾಕುವ ಚೌಕಗಳಿದ್ದವು. ಒಂದು ಚೌಕ 'ಕದ್ದುಮುಚ್ಚಿದ ಚಲನೆ' ಅನ್ನುವ ಅರ್ಥದ್ದು. ಹಾಗಂದರೆ ಏನು ಅಂತ ಕೋರ್ಟಿನಲ್ಲಿ ಕೇಳಿದಾಗ ಪೊಲೀಸರು ಹೇಳಿದ್ದು: ಚಡಪಡಿಸುವುದು, ದಾರಿ ಬದಲಿಸುವುದು, ಜೇಬಿಗೆ ಕೈ ಹಾಕಿ ತೆಗೆಯುವುದು, ಒಂದು ರೀತಿ ನಡೆಯುವುದು. ನಿಮ್ಮ ಅಣ್ಣ ಹೇಳಿದ ನಡೆಯುವ ಧಾಟಿ ಇದೇ ಅಲ್ವಾ?

2013ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶೆ ಶೀರಾ ಶೈಂಡ್ಲಿನ್, ಇದನ್ನು ನಡೆಸಿದ ರೀತಿ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. ಅದೇ ತಿಂಗಳು ನಗರದ ಕೌನ್ಸಿಲ್ ಕೂಡ, ಮೇಯರ್ ಬ್ಲೂಮ್‌ಬರ್ಗ್ ಅವರ ವೀಟೋವನ್ನು ಮೀರಿ, ಪೊಲೀಸರ ಕೆಲಸ ಪರಿಶೀಲಿಸುವ ಒಬ್ಬ ಹೊರಗಿನ ಅಧಿಕಾರಿಯ ಹುದ್ದೆ ಮಾಡಿತು, ತಾರತಮ್ಯ ಆದವರು ಕೋರ್ಟಿಗೆ ಹೋಗಲು ದಾರಿಯನ್ನೂ ಅಗಲ ಮಾಡಿತು. ಊರು ಕೆಡುತ್ತದೆ ಅಂತ ಮೇಯರ್ ಹೆದರಿಸಿದ್ದರು. 2014ರಲ್ಲಿ ನಿಲ್ಲಿಸಿದ್ದು 50 ಸಾವಿರಕ್ಕೂ ಕಡಿಮೆ. ಕೊಲೆಗಳು 2011ರಲ್ಲಿ 500 ದಾಟಿದ್ದವು, 2014ರಲ್ಲಿ 340 ಕೂಡ ಆಗಲಿಲ್ಲ. ನಿಲ್ಲಿಸುವುದು ಬಿಟ್ಟದ್ದಕ್ಕೇ ಕೊಲೆ ಇಳಿಯಿತು ಅಂತ ನಾನು ಹೇಳುವುದಿಲ್ಲ. ಬಿಟ್ಟರೆ ಏರುತ್ತದೆ ಅಂದದ್ದು ಮಾತ್ರ ಸುಳ್ಳಾಯಿತು.

ಇನ್ನೊಂದು ಸಣ್ಣ ಊರಿನ ಕತೆ ಹೇಳಿ ಬಿಡುತ್ತೇನೆ, ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಸ್ಪೇನಿನ ಮ್ಯಾಡ್ರಿಡ್ ಪಕ್ಕದಲ್ಲಿ ಫುಯೆನ್‌ಲಾಬ್ರಾಡಾ ಅಂತ. ಅಲ್ಲಿ ಊರಿನ ಆಡಳಿತಕ್ಕೆ ಅದರದ್ದೇ ಪೊಲೀಸರು. 2007ರ ಆಸುಪಾಸಿನಲ್ಲಿ ಅವರಿಗೆ ಒಂದು ಚೀಟಿ ಪುಸ್ತಕ ಕೊಟ್ಟರು. ಯಾರನ್ನೇ ನಿಲ್ಲಿಸಲಿ, ಎಲ್ಲಿ, ಯಾಕೆ, ಆತ ಯಾವ ದೇಶದವ, ಕೊನೆಗೆ ಏನು ಸಿಕ್ಕಿತು ಅಂತ ಬರೆಯಬೇಕು, ಒಂದು ಪ್ರತಿ ನಿಂತವನ ಕೈಗೆ ಕೊಡಬೇಕು. ನಿಲ್ಲಿಸುವುದು ಅರ್ಧಕ್ಕಿಂತ ಕೆಳಗೆ ಇಳಿಯಿತು, ನಿಲ್ಲಿಸಿದಾಗ ಏನಾದರೂ ಸಿಗುವುದು ಜಾಸ್ತಿಯಾಯಿತು. 'ಯಾಕೆ' ಅನ್ನುವ ಕಡೆ ಪೆನ್ನು ಸ್ವಲ್ಪ ತಡೆಯುತ್ತದೆ ನೋಡಿ, ಕಣ್ಣು ಚುರುಕಾಗುವುದು ಆಗ. ಅನುಮಾನ ಪಡಬೇಡಿ ಅಂತ ಯಾರೂ ಹೇಳಲಿಲ್ಲ. ಪಟ್ಟದ್ದನ್ನು ಬರೆದಿಡಿ ಅಂದರು.

ಪ್ರಶ್ನೆ: ಕರಿಯರು, ಬಿಳಿಯರು ಅನ್ನುವುದೆಲ್ಲ ಅವರ ರಗಳೆ. ನಮ್ಮಲ್ಲಿ ಅದಿಲ್ಲವಲ್ಲ?
ಕುಂದಾಪುರದಿಂದ

ಉತ್ತರ: ಬಣ್ಣದ ರಗಳೆ ನಮ್ಮಲ್ಲಿ ಇಲ್ಲ ಅನ್ನುವುದನ್ನು ಮದುವೆ ಬ್ರೋಕರ್ ಹತ್ತಿರ ಹೇಳಿ ನೋಡಿ. ಅದು ಇರಲಿ. 1871ರಲ್ಲಿ ಬ್ರಿಟಿಷರು ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಅಪರಾಧಿಗಳು ಅಂತ ಕಾನೂನು ಮಾಡಿದರು. ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಅಪ್ಪಣೆ ಬೇಕು. 1952ರಲ್ಲಿ ಆ ಕಾನೂನು ಹೋಯಿತು, ಅಭ್ಯಾಸ ಹೋಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ, ಜೈಲಿನೊಳಗಿನ ಜಾತಿ ತಾರತಮ್ಯದ ಕೇಸಿನಲ್ಲಿ, ಈ ಸಮುದಾಯಗಳವರನ್ನು ಮನಸ್ಸಿಗೆ ಬಂದ ಹಾಗೆ ಹಿಡಿಯಬೇಡಿ ಅಂತ ನಮ್ಮ ಸುಪ್ರೀಂ ಕೋರ್ಟ್ ಪೊಲೀಸರಿಗೆ ಹೇಳಬೇಕಾಗಿ ಬಂತು. 72 ವರ್ಷ ಆದ ಮೇಲೂ!

ನಿಮ್ಮ ಹತ್ತಿರದ್ದೇ ಬೇಕಾದರೆ 2021ರ ಡಿಸೆಂಬರ್ ನೆನಪಿಸಿಕೊಳ್ಳಿ. ಕೋಟದ ಹತ್ತಿರ ಆದಿವಾಸಿ ಕೊರಗರ ಮನೆಯೊಂದರ ಮೆಹಂದಿಗೆ, ಡಿಜೆ ಸದ್ದು ಜಾಸ್ತಿ ಅಂತ ದೂರು ಬಂದು ಹೋದ ಪೊಲೀಸರು ಲಾಠಿ ಬೀಸಿದರು ಅಂತ ದೊಡ್ಡ ಸುದ್ದಿಯಾಯಿತು, ಎಸ್‌ಐ ಅಮಾನತಾದರು. ಮೆಹಂದಿಗೆ ಡಿಜೆ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಉಂಟು?

ಪೊಲೀಸರನ್ನು ಮಾತ್ರ ಹೇಳಿ ಪ್ರಯೋಜನ ಇಲ್ಲ. ಬಾಗಲಕೋಟೆ, ಕೊಪ್ಪಳದಿಂದ ಕೂಲಿಗೆ ಬಂದವರನ್ನು ನಾವು 'ಗಟ್ಟದವರು' ಅನ್ನುತ್ತೇವೆ. ಅವರೂ ಕನ್ನಡದವರೇ, ನಮ್ಮಲ್ಲಿ ಅರ್ಧ ಜನಕ್ಕಿಂತ ಮನೆಯಲ್ಲಿ ಕನ್ನಡ ಜಾಸ್ತಿ ಆಡುವವರು. ಆದರೂ ಬೀದಿಯಲ್ಲಿ ಒಂದು ಸೈಕಲ್ ಕಾಣೆಯಾದರೆ ಮೊದಲು ನೋಡುವುದು ಅವರ ಶೆಡ್ಡಿನ ಕಡೆಗೆ.

ಪ್ರಶ್ನೆ: ನನ್ನದು ವೆಲ್ಡಿಂಗ್ ವರ್ಕ್‌ಶಾಪ್. ಜಾರ್ಖಂಡಿನ ನಾಲ್ಕು ಹುಡುಗರಿದ್ದಾರೆ. ಭಾನುವಾರ ಪೇಟೆಗೆ ಹೋದರೆ ಸಾಕು, ಹಿಡಿದು ಆಧಾರ್ ಕೇಳುತ್ತಾರೆ, ಫೋನ್ ತೆಗೆದುಕೊಂಡು ಫೋಟೊ ಎಲ್ಲ ನೋಡುತ್ತಾರೆ. ಒಬ್ಬನನ್ನು ಒಂದು ಸಲ ಠಾಣೆಯಲ್ಲಿ ಮೂರು ಗಂಟೆ ಕೂರಿಸಿ, ಏನೂ ಹೇಳದೆ ಕಳಿಸಿದರು. ಈಗ ಅವನು ಭಾನುವಾರ ರೂಮು ಬಿಟ್ಟು ಹೊರಗೆ ಬರುವುದಿಲ್ಲ. ನನಗೆ ಅಮೆರಿಕದ ಕಾನೂನು ಬೇಡ, ಇಲ್ಲಿ ಏನು ಮಾಡಬಹುದು ಹೇಳಿ.
ಬೈಕಂಪಾಡಿ

ಉತ್ತರ: ಮೊದಲು ಹುಡುಗರಿಗೆ ಹೇಳಬೇಕಾದದ್ದು. ದೇಶದ ಪ್ರಜೆ ರಸ್ತೆಯಲ್ಲಿ ನಡೆಯಲು ಆಧಾರ್ ಇಟ್ಟುಕೊಂಡಿರಲೇಬೇಕು ಅಂತ ಯಾವ ಕಾನೂನೂ ಇಲ್ಲ. ಜಾರ್ಖಂಡಿನವನಿಗೆ ಮಂಗಳೂರಿನಲ್ಲಿ ತಿರುಗಾಡುವ ಹಕ್ಕು ನನಗೂ ನಿಮಗೂ ಇರುವಷ್ಟೇ ಉಂಟು, ಸಂವಿಧಾನದ 19ನೇ ವಿಧಿ. ಕಾರಣ ಇಲ್ಲದೆ ಸುಮ್ನೆ ಠಾಣೆಯಲ್ಲಿ ಕೂರಿಸಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ದಸ್ತಗಿರಿ ಮಾಡಿದರೆ ಕಾರಣ ಹೇಳಬೇಕು, ಮನೆಯವರಿಗೋ ಗೊತ್ತಿರುವವರಿಗೋ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ದಸ್ತಗಿರಿ ಮಾಡುವವರ ಎದೆ ಮೇಲೆ ಹೆಸರಿನ ಪಟ್ಟಿ ಕಾಣಬೇಕು ಅಂತ ಡಿ.ಕೆ. ಬಸು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿ ಎಷ್ಟೋ ವರ್ಷವಾಯಿತು. ಫೋನು ಸಹ ಹಾಗೆ. ತನಿಖೆಯಲ್ಲಿರುವ ಆರೋಪಿಯ ಫೋನು ಜಾಲಾಡಲೂ ಸಾಮಾನ್ಯವಾಗಿ ವಾರಂಟ್ ಬೇಕು ಅಂತ 2021ರಲ್ಲಿ ನಮ್ಮ ಹೈಕೋರ್ಟ್ ಹೇಳಿದೆ, ಪೇಟೆಗೆ ಬಂದವನ ಫೋಟೊ ಗ್ಯಾಲರಿ ಬಿಡಿ.

ಇದನ್ನೆಲ್ಲ ಇಪ್ಪತ್ತು ವರ್ಷದ ಹುಡುಗ, ಭಾಷೆ ಬಾರದ ಊರಿನಲ್ಲಿ, ಲಾಠಿ ಹಿಡಿದವರ ಎದುರು ನಿಂತು ಹೇಳಲಿ ಅಂತ ನಾನು ಹೇಳಿದರೆ ನೀವು ನಗುತ್ತೀರಿ. ಹೇಳುವುದು ಬೇಡ. ನೀವು ಹೋಗಿ. ನಾಲ್ವರ ಹೆಸರು, ಫೋಟೊ, ನಿಮ್ಮ ವಿಳಾಸ ಒಂದು ಹಾಳೆಯಲ್ಲಿ ಬರೆದು ಠಾಣೆಗೆ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಕೇಳಿ. ಹುಡುಗರಿಗೆ ವರ್ಕ್‌ಶಾಪಿನ ಗುರುತು ಚೀಟಿ ಮಾಡಿಸಿ, ಹಿಂದೆ ನಿಮ್ಮ ಫೋನ್ ನಂಬರ್ ಹಾಕಿಸಿ. ಹೀಗೆ ಮಾಡಬೇಕಾಗಿ ಬರುವುದೇ ಸರಿಯಲ್ಲ, ನನಗೆ ಗೊತ್ತು. ಆದರೆ ಮುಂದಿನ ಭಾನುವಾರಕ್ಕೆ ಅದು ಉಪಯೋಗಕ್ಕೆ ಬರುತ್ತದೆ.

ಜೊತೆಗೆ ನಿಮ್ಮ ಹಾಜರಿ ಪುಸ್ತಕದ ಕೊನೆಯ ಹಾಳೆಗಳನ್ನು ಇದಕ್ಕೇ ಇಡಿ. ತಾರೀಕು, ಗಂಟೆ, ಜಾಗ, ಯಾರನ್ನು ನಿಲ್ಲಿಸಿದರು, ಏನು ಕೇಳಿದರು, ಎಷ್ಟು ಹೊತ್ತು, ಏನು ಸಿಕ್ಕಿತು. ಆ ಸ್ಪೇನಿನ ಚೀಟಿಯೇ, ನಾವು ಈ ಕಡೆಯಿಂದ ಬರೆಯುವುದು. "ಯಾವಾಗಲೂ ಹಿಡಿಯುತ್ತಾರೆ ಸಾರ್" ಅಂದರೆ ಯಾವ ಅಧಿಕಾರಿಯೂ ತಲೆ ಎತ್ತುವುದಿಲ್ಲ. ಹತ್ತು ತಾರೀಕು ಮುಂದಿಟ್ಟರೆ ಎತ್ತುತ್ತಾರೆ. ಅದನ್ನು ಹಿಡಿದು ಪೊಲೀಸ್ ಕಮಿಷನರ್ ಕಚೇರಿಗೆ ಹೋಗಿ. ಅಲ್ಲೂ ಆಗದಿದ್ದರೆ ಪೊಲೀಸ್ ದೂರು ಪ್ರಾಧಿಕಾರ ಉಂಟು, ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನಿಂದ ಬಂದದ್ದು. ನಿಧಾನ, ಆದರೆ ಉಂಟು.

ಪ್ರಶ್ನೆ: ಹಾಗಾದರೆ ನಮ್ಮ ಪಾಲಿಕೆಯೂ ಫಿಲಡೆಲ್ಫಿಯಾದ ಹಾಗೆ ಕಾನೂನು ಮಾಡಬಹುದಲ್ಲ?
ಕದ್ರಿ, ಮಂಗಳೂರು

ಉತ್ತರ: ಆಗುವುದಿಲ್ಲ. ನಮ್ಮಲ್ಲಿ ಪೊಲೀಸ್ ರಾಜ್ಯ ಸರ್ಕಾರದ ವಿಷಯ. ಮಂಗಳೂರಿಗೆ 2010ರಲ್ಲಿ ಕಮಿಷನರೇಟ್ ಬಂದರೂ ಕಮಿಷನರ್ ಉತ್ತರ ಹೇಳುವುದು ಬೆಂಗಳೂರಿಗೆ, ಮೇಯರ್‌ಗೆ ಅಲ್ಲ. ನಿಮ್ಮ ಕಾರ್ಪೊರೇಟರ್ ಚರಂಡಿ ಸ್ಲ್ಯಾಬ್ ಹಾಕಿಸಬಹುದು, ಬ್ಯಾರಿಕೇಡ್ ಬಗ್ಗೆ ನಿರ್ಣಯ ಮಾಡಿ ಕಳಿಸಬಹುದು, ಅಷ್ಟೇ.

ಆದರೆ ಲೆಕ್ಕ ಕೇಳಲು ಕೌನ್ಸಿಲ್ ಬೇಕಾಗಿಲ್ಲ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ಆ ಟಿಫಿನ್ ಡಬ್ಬಿ ಕಂಡ ಮೇಲೆ ನಾನೂ ಒಂದು ಹಾಕಿದೆ: ಒಂದು ತಿಂಗಳಲ್ಲಿ ಆ ಜಾಗದಲ್ಲಿ ಎಷ್ಟು ಗಾಡಿ ತಪಾಸಣೆ ಮಾಡಿದಿರಿ, ಎಷ್ಟರಲ್ಲಿ ಏನಾದರೂ ಸಿಕ್ಕಿತು ಅಂತ. ಉತ್ತರ ಒಂದೇ ಸಾಲಿನದ್ದು ಬಂತು. "ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ಬಚ್ಚಿಟ್ಟಿದ್ದಾರೆ ಅಂತ ನನಗೆ ಅನಿಸುವುದಿಲ್ಲ, ಬರೆದಿಡುವ ಪದ್ಧತಿಯೇ ಇಲ್ಲ. ನೀವೂ ನಿಮ್ಮ ಕಡೆಯ ಬ್ಯಾರಿಕೇಡಿಗೆ ಒಂದು ಹಾಕಿ ನೋಡಿ, ಬಂದ ಉತ್ತರ ಈ ಪುಟಕ್ಕೆ ಕಳಿಸಿ. ಅಂದ ಹಾಗೆ, ನನ್ನ ಬ್ರೇಕ್ ಲೈಟ್ ಸರಿ ಮಾಡಿಸಿದ್ದೇನೆ.